ಮೂರು ಗಂಟೆಯ ನಂತರದ ಚೀಟಿಗಳು

೪ ಜೂನ್

ಅಕ್ಕಾ, ಅಕ್ಕಾ, ಅಕ್ಕಾ!

ಒಂದೇ ಸಲ ಕರೆದರೆ ನನ್ನ ಸಂತೋಷ ಅದರಲ್ಲಿ ಹಿಡಿಸುವುದಿಲ್ಲ, ಅದಕ್ಕೇ ಮೂರು ಸಲ. ಮದುವೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ! ಇಂಗ್ಲಿಷ್ ಶಾಲೆಯಲ್ಲಿ ಓದಿದ ಈ ನಿನ್ನ ಗುಬ್ಬಿ ಕೂತು ಕಾಗದ ಬರೆಯುವ ಕಾಲ ಬಂತೆಂದು ನಗಬೇಡ. ಇಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಮನೆ ಕ್ಲಿನಿಕ್ಕಿನ ಮೇಲಿದೆ, ನೆಲ ಮರದ್ದು. ಕೆಳಗೆ ಯಾರಾದರೂ ಜೋರಾಗಿ ಕೆಮ್ಮಿದರೆ ಮೇಲೆ ನನ್ನ ಕಾಫಿ ಲೋಟ ಅದುರುತ್ತದೆ. ನಾನಿಲ್ಲಿ ‘ನನ್ನ ಗಂಡ ಎಷ್ಟು ಒಳ್ಳೆಯವರು ಗೊತ್ತಾ’ ಎಂದರೆ ಕೆಳಗೆ ಬೆಂಚಿನ ಮೇಲೆ ಕಾಯುತ್ತಿರುವ ಹದಿನೈದು ಜನರಿಗೂ ಕೇಳಿಸುತ್ತದೆ.

ಆದರೆ ನಿಜವಾಗಿಯೂ ಎಷ್ಟು ಒಳ್ಳೆಯವರು ಗೊತ್ತಾ? ನಲವತ್ತೇ ದಿನದಲ್ಲಿ ಹುಡುಗನನ್ನು ಒಪ್ಪಿ ಮದುವೆಯಾಗುವುದು ಹುಚ್ಚುತನ ಎಂದು ನೀನು ಹೇಳಿದ್ದೆ. ಆ ಮಾತನ್ನು ನಾನು ಕ್ಷಮಿಸಿದ್ದೇನೆ. ಇವರು ಬೆಳಗ್ಗೆ ಎದ್ದಕೂಡಲೇ ನನ್ನ ಚಪ್ಪಲಿ ಜೋಡಿ ಸರಿಯಾಗಿದೆಯೇ ಎಂದು ನೋಡುತ್ತಾರೆ, ಯಾಕೆಂದರೆ ಇಪ್ಪತ್ತೆರಡು ಮೆಟ್ಟಿಲಿನಲ್ಲಿ ನಾನು ಆಗಲೇ ಎರಡು ಸಲ ಜಾರಿದ್ದೇನೆ.

ಕ್ಲಿನಿಕ್ಕಿನಲ್ಲಿ ಎರಡು ಕೋಣೆ. ಒಂದರಲ್ಲಿ ಇವರು, ಇನ್ನೊಂದರಲ್ಲಿ ಮಾವ. ಮಾವ ನಲವತ್ತನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತ ಡಾಕ್ಟರ್. ಇವರು ಸರ್ಕಾರದ ಇ-ಚೀಟಿ ಯೋಜನೆಗೆ ಸೇರಿದ್ದಾರೆ. ಔಷಧಿ ಚೀಟಿಯನ್ನು ಕೈಯಲ್ಲಿ ಬರೆಯದೆ ಟ್ಯಾಬಿನಲ್ಲಿ ಒತ್ತಿ ನೇರ ಔಷಧಿ ಅಂಗಡಿಗೆ ಕಳಿಸಬೇಕು. ಹತ್ತರಲ್ಲಿ ಎಂಟು ಚೀಟಿ ಹಾಗೆ ಹೋದರೆ ವರ್ಷದ ಕೊನೆಗೆ ಡಾಕ್ಟರಿಗೆ ಪ್ರೋತ್ಸಾಹಧನ. ಹೋಗದಿದ್ದರೆ ಮುಂದಿನ ವರ್ಷದಿಂದ ಕಡಿತ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಆರೋಗ್ಯ ಇಲಾಖೆ ಸೇರುವ ಮೊದಲು ಹತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವಳು ನೀನು. ಇವರ ಹೆಸರೂ ಮಾವನ ಹೆಸರೂ ಎರಡೂ ಯೋಜನೆಯಲ್ಲಿವೆ. ಆದರೆ ಮಾವ ಮಾತ್ರ ಟ್ಯಾಬನ್ನು ಮುಟ್ಟುವುದಿಲ್ಲ! "ಆ ಹಲಗೆ ನೋಡ್ತಾ ಕೂತ್ರೆ ರೋಗಿ ಮುಖ ಯಾರು ನೋಡ್ತಾರೆ?" ಎನ್ನುತ್ತಾರೆ. ಅವರದು ಕೋಳಿ ಕೆದರಿದಂಥ ಅಕ್ಷರ, ಜೊತೆಗೊಂದು ಕೆಂಪು ಪೆನ್ಸಿಲ್. ಔಷಧಿ ನಿಲ್ಲಿಸಬೇಕಾದಾಗ ಹಳೆಯ ಚೀಟಿಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, "ಇನ್ನು ಇದು ಚೀಟಿ ಅಲ್ಲ, ಬರೀ ಕಾಗದ" ಎಂದು ರೋಗಿಯ ಕೈಗೇ ಕೊಡುತ್ತಾರೆ. ಎಷ್ಟು ಕ್ಯೂಟ್!

ಅವರಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದರೆ, ನಿನ್ನೆ ಹತ್ತು ನಿಮಿಷದಲ್ಲಿ ಮೂರು ಸಲ "ಕಾಫಿ ಕುಡಿದ್ಯೇನಮ್ಮಾ?" ಎಂದು ಕೇಳಿದರು. ನನಗೆ ಪೆನಿಸಿಲಿನ್ ಆಗುವುದಿಲ್ಲ ಎಂದು ಮದುವೆಯ ದಿನ ಹೇಳಿದ್ದೆನಲ್ಲ, ಅದನ್ನು ಜೇಬಿನ ಡೈರಿಯಲ್ಲಿ ಕೆಂಪಿನಲ್ಲಿ ಬರೆದುಕೊಂಡರು. ಹೋದ ವಾರ ಮತ್ತೆ ಕೇಳಿ ಮತ್ತೆ ಬರೆದುಕೊಂಡರು. ಹೆತ್ತ ಅಪ್ಪನೂ ಇಷ್ಟು ನೆನಪಿಡಲಾರ!

ಇವರೋ ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟವನ್ನೂ ಬಿಟ್ಟು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾರೆ. ಅಂಥ ಶ್ರಮಜೀವಿ.

ಅಮ್ಮನಿಗೆ ನೂರು ಮುತ್ತು. ನಿನಗೆ ತೊಂಬತ್ತೊಂಬತ್ತು.

ನಿನ್ನ ಗುಬ್ಬಿ


೧೩ ಜೂನ್

ಗುಬ್ಬಿ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಪೂರ್ತಿ ನಕ್ಕಳು, ನಾನು ಅರ್ಧ ನಕ್ಕೆ.

ಇಲಾಖೆಯಲ್ಲಿ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರೆ. ಯಾವುದೆಂದು ಕೇಳಬೇಡ, ಹೇಳುವಷ್ಟರಲ್ಲಿ ನಿನಗೆ ನಿದ್ದೆ ಬಂದಿರುತ್ತದೆ. ಕಿಟಕಿಯ ಪಕ್ಕದ ಮೇಜು ಸಿಕ್ಕಿದೆ, ಮೇಜಿನ ತುಂಬ ಫೈಲು.

ಒಂದೆರಡು ಮಾತು, ಸುಮ್ಮನೆ ಕುತೂಹಲಕ್ಕೆ. ನಿನ್ನ ಮಾವ ಟ್ಯಾಬ್ ಮುಟ್ಟುವುದಿಲ್ಲ ಎಂದೆಯಲ್ಲ, ಹಾಗಾದರೆ ಅವರ ಹೆಸರಿನಲ್ಲಿ ಹೋಗುವ ಇ-ಚೀಟಿಗಳನ್ನು ಒತ್ತುವವರು ಯಾರು? ಅವರು ಕೈಯಲ್ಲಿ ಬರೆದ ಚೀಟಿಗಳು ಆಮೇಲೆ ಎಲ್ಲಿಗೆ ಹೋಗುತ್ತವೆ? ನಿನ್ನ ಗಂಡ ಆ ಎರಡು ಗಂಟೆ ಬಾಗಿಲು ಹಾಕಿಕೊಳ್ಳುವುದು ದಿನವೂ ಇದೆಯೋ, ಅಪರೂಪಕ್ಕೋ?

ಗಂಡನನ್ನು ಕೇಳಬೇಡ. ನಿನ್ನ ಕಣ್ಣಿಗೆ ಬಿದ್ದದ್ದನ್ನು ಬರೆ, ಸಾಕು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ.

ಅಕ್ಕ


೨೨ ಜೂನ್

ಅಕ್ಕಾ,

ನೀನು ‘ಗಂಡನನ್ನು ಕೇಳಬೇಡ’ ಎಂದು ಬರೆದದ್ದೇ ತಪ್ಪಾಯಿತು. ಅಲ್ಲಿಯವರೆಗೆ ಕೇಳುವಂಥದ್ದೇನೋ ಇದೆ ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ದಿನವೂ ಬಾಗಿಲು ಹಾಕುತ್ತಾರೆ, ಭಾನುವಾರ ಬಿಟ್ಟು. ನಾನು ಮೊನ್ನೆ ಅವರಿಗೆ ಸರ್‌ಪ್ರೈಸ್ ಕೊಡೋಣ ಎಂದು ಊಟದ ತಟ್ಟೆ ಹಿಡಿದು ಸದ್ದಿಲ್ಲದೆ ಇಳಿದೆ. ಒಳಗೆ ಟಕಟಕ ಟಕಟಕ ಎಂದು ಟೈಪ್ ಮಾಡುವ ಸದ್ದು. ಬಾಗಿಲು ತಟ್ಟಿದೆ. ಸದ್ದು ನಿಂತಿತು. ಇವರು ಬಾಗಿಲನ್ನು ಒಂದು ಗೇಣಷ್ಟೇ ತೆರೆದು ತಟ್ಟೆ ತೆಗೆದುಕೊಂಡರು.

"ಏನ್ರೀ ಮಾಡ್ತಿದೀರಾ?"

"ಕೆಲಸ."

"ಯಾವ ಕೆಲಸ?"

"ಬೋರ್ ಹೊಡೆಸೋ ಕೆಲಸ. ನೀನು ಹೋಗಿ ಮಲಗು."

ಅಕ್ಕಾ, ಮೇಜಿನ ಮೇಲೆ ಟ್ಯಾಬನ್ನು ಬೋರಲು ಹಾಕಿದ್ದರು. ಮನಸ್ಸಿನಲ್ಲಿ ಏನೂ ಇಲ್ಲದ ಗಂಡಸು ಸ್ಕ್ರೀನನ್ನು ಬೋರಲು ಹಾಕುತ್ತಾನೆಯೇ?

ಇನ್ನೊಂದು. ಬೀದಿಯಾಚೆ ಎದುರಿಗೇ ಔಷಧಿ ಅಂಗಡಿ. ಈ ಬೀದಿಗೆ ಅದೊಂದೇ. ನಡೆಸುವವಳು ಗಿಡ್ಡ ಕೂದಲಿನ, ಚುರುಕು ಕಣ್ಣಿನ ಹೆಂಗಸು, ಎಲ್ಲರೂ ಅಂಗಡಿಯಮ್ಮ ಎನ್ನುತ್ತಾರೆ. ಇವರು ಮೂರು ಗಂಟೆಗೆ ಸರಿಯಾಗಿ ಬೀದಿ ದಾಟಿ ಅಲ್ಲಿಗೆ ಹೋಗುತ್ತಾರೆ. ಅವಳು ಇವರಿಗೆ ಒಂದು ಕಟ್ಟು ಕೊಡುತ್ತಾಳೆ. ಇವರು ಅದನ್ನು ಒಳಜೇಬಿಗೆ ಸೇರಿಸುತ್ತಾರೆ. ಪ್ರತಿದಿನ! ಕಿಟಕಿಯ ಪರದೆಯ ಹಿಂದೆ ನಿಂತು ನಾಲ್ಕು ದಿನ ನೋಡಿದೆ. ಐದನೆಯ ದಿನ ಇವರ ಕೋಟಿನ ಜೇಬು ನೋಡಿದೆ. (ಬೈಯಬೇಡ.) ಕಟ್ಟಿನಲ್ಲಿ ಇದ್ದದ್ದು ಪ್ರೇಮಪತ್ರವಲ್ಲ, ಮಾವ ಆ ದಿನ ಬರೆದ ಚೀಟಿಗಳು! ಅವನ್ನೆಲ್ಲ ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಾರೆ. ರೋಗಿಯ ಚೀಟಿ ಡಾಕ್ಟರಿಗೆ ಯಾಕೆ ವಾಪಸ್ ಬರಬೇಕು?

ಎಲ್ಲಕ್ಕಿಂತ ವಿಚಿತ್ರ ಅಂಗಡಿಯ ಮುಂದಿನ ಬೆಂಚು. ಮಾವನ ರೋಗಿಗಳು ಹನ್ನೊಂದಕ್ಕೆ, ಹನ್ನೆರಡಕ್ಕೆ ಚೀಟಿ ಹಿಡಿದು ಹೋಗುತ್ತಾರೆ. ಅಂಗಡಿಯಮ್ಮ ಚೀಟಿ ಇಸಿದುಕೊಂಡು, ಫೋನಿನಲ್ಲಿ ಅದರ ಫೋಟೋ ತೆಗೆದು, ಕೈ ಅಲ್ಲಾಡಿಸುತ್ತಾಳೆ. ದೂರದಿಂದ ಬಂದವರು ಪಾಪ ಆ ಬೆಂಚಿನ ಮೇಲೆ ಮೂರು ಗಂಟೆಯವರೆಗೆ ತೂಕಡಿಸುತ್ತಾರೆ. ನಾನೇ ಹೋಗಿ ಒಬ್ಬ ಅಜ್ಜಿಯನ್ನು ಕೇಳಿದೆ.

"ಔಷಧಿ ಇಲ್ವಂತಾ ಅಜ್ಜಿ?"

"ಇದೆಯಂತೆ ಮಗಾ. ಕೊಡೋಕೆ ಮೂರು ಗಂಟೆ ಆಗ್ಬೇಕಂತೆ. ಔಷಧಿಗೂ ರಾಹುಕಾಲ ಬಂತು ನೋಡು."

ಇವರ ರೋಗಿಗಳಿಗೆ ಮಾತ್ರ ಆ ಕ್ಷಣವೇ ಸಿಗುತ್ತದೆ. ಕಾಯುವುದು ಮಾವನ ರೋಗಿಗಳು ಮಾತ್ರ. ನನ್ನ ತಲೆ ಗಿರ್ರೆನ್ನುತ್ತಿದೆ. ಆ ಗಿಡ್ಡ ಕೂದಲಿನವಳಿಗೂ ಇವರಿಗೂ ಏನು? ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇವರು ನನ್ನ ತಟ್ಟೆಯಲ್ಲಿನ ಮೆಣಸಿನಕಾಯಿ ಆರಿಸಿ ತಮ್ಮ ತಟ್ಟೆಗೆ ಹಾಕಿಕೊಂಡರು. ಇಷ್ಟು ಒಳ್ಳೆಯತನ ಯಾಕೆ ಎಂದು ಮೊದಲ ಬಾರಿಗೆ ಅನಿಸಿತು.

ಗುಬ್ಬಿ


೩೦ ಜೂನ್

ಗುಬ್ಬಿ,

ಅಳಬೇಡ. ಹೆಣ್ಣಿನ ವಿಷಯವಲ್ಲ ಇದು. ಹೆಣ್ಣಿನ ವಿಷಯವಾಗಿದ್ದರೆ ಸುಲಭವಿತ್ತು, ನಾನು ರೈಲು ಹತ್ತಿ ಬಂದು ಎರಡು ಬಿಗಿಯುತ್ತಿದ್ದೆ.

ಮಾವನ ಚೀಟಿಗಳನ್ನು ನಿನ್ನ ಗಂಡ ಒಂದರಿಂದ ಮೂರರವರೆಗೆ ಕೂತು ಮಾವನ ಹೆಸರಿನಲ್ಲಿ ಒತ್ತುತ್ತಿದ್ದಾನೆ. ಹತ್ತಕ್ಕೆ ಎಂಟರ ಲೆಕ್ಕ ತುಂಬಬೇಕಲ್ಲ. ರೋಗಿಯ ಮುಖ ನೋಡಿದವರು ಒಬ್ಬರು, ಗುಂಡಿ ಒತ್ತುವವರು ಇನ್ನೊಬ್ಬರು. ನಿಯಮದಲ್ಲಿ ಇದಕ್ಕೆ ಒಳ್ಳೆಯ ಹೆಸರಿಲ್ಲ. ಸಿಕ್ಕಿಬಿದ್ದರೆ ಹೋಗುವುದು ಮಗನ ಹೆಸರಲ್ಲ, ಅಪ್ಪನ ನೋಂದಣಿ.

ನನ್ನ ಅನುಮಾನ ಅಷ್ಟಕ್ಕೇ ನಿಲ್ಲುತ್ತಿಲ್ಲ. ಬರೀ ನಕಲು ಮಾಡುವುದಾದರೆ ರೋಗಿಗಳನ್ನು ಯಾಕೆ ಕಾಯಿಸಬೇಕು? ಕಾಗದ ನೋಡಿ ಔಷಧಿ ಕೊಟ್ಟು, ಆಮೇಲೆ ನಿಧಾನಕ್ಕೆ ಒತ್ತಬಹುದಿತ್ತು. ಕಾಗದದಲ್ಲಿ ಇರುವುದು ಬೇರೆ, ಸ್ಕ್ರೀನಿಗೆ ಹೋಗುವುದು ಬೇರೆ ಎಂದಾದರೆ ಮಾತ್ರ ಹೀಗೆ ಕಾಯಿಸಬೇಕಾಗುತ್ತದೆ. ಯಾವುದೋ ಕಂಪನಿಯ ಮಾತ್ರೆಯನ್ನು ಅಪ್ಪನ ಹೆಸರಿನಲ್ಲಿ ದಾಟಿಸುತ್ತಿದ್ದಾನೆಯೇ? ಅಂಗಡಿಯವಳು ಅದರಲ್ಲಿ ಪಾಲುದಾರಳೇ?

ಡಬ್ಬಿಯಿಂದ ಒಂದೇ ಒಂದು ಚೀಟಿ ನನಗೆ ಕಳಿಸು. ಯಾರಿಗೂ ಗೊತ್ತಾಗುವುದು ಬೇಡ. ಅಮ್ಮನಿಗೆ ನಾನು ಏನೂ ಹೇಳಿಲ್ಲ.

ಅಕ್ಕ


೧೧ ಜುಲೈ

ಅಕ್ಕಾ,

ಡಬ್ಬಿಗೆ ಕೈ ಹಾಕುವ ಅಗತ್ಯವೇ ಬರಲಿಲ್ಲ. ನನ್ನ ಹೆಸರಿನದೇ ಚೀಟಿ ಕಳಿಸುತ್ತಿದ್ದೇನೆ.

ಹೋದ ವಾರ ಗಂಟಲು ಕೆಂಡದಂತೆ ಉರಿಯುತ್ತಿತ್ತು, ಉಗುಳು ನುಂಗಲೂ ಆಗುತ್ತಿರಲಿಲ್ಲ. ಇವರು ಬೆಳಗ್ಗೆಯೇ ಯಾರನ್ನೋ ನೋಡಲು ಹೊರಗೆ ಹೋಗಿದ್ದರು. ಮಾವನೇ ಬಾಯಿ ತೆರೆಸಿ ದೀಪ ಬಿಟ್ಟು ನೋಡಿದರು. "ಗುಬ್ಬಿ ಗಂಟಲಲ್ಲಿ ಕಾಗೆ ಕೂತಿದೆ" ಎಂದು ನಗಿಸಿದರು. ಚೀಟಿ ಬರೆದುಕೊಟ್ಟರು. ಔಷಧಿಯ ಹೆಸರು ದೇವರೇ ಓದಬೇಕು, ಆದರೆ ಅಂಕಿಗಳು ನನಗೂ ಗೊತ್ತಾಗುತ್ತವೆ. ದಿನಕ್ಕೆ ಮೂರು, ಐದು ದಿನ. ಹದಿನೈದು ಮಾತ್ರೆ.

ನಾನೂ ಎಲ್ಲರ ಹಾಗೆ ಚೀಟಿ ಹಿಡಿದು ಬೀದಿ ದಾಟಿದೆ. ಅಂಗಡಿಯಮ್ಮ ಕಣ್ಣು ಕಿರಿದು ಮಾಡಿ ಓದಿದಳು. "ಮೂರು ಗಂಟೆ ಮೇಲೆ ಬಾಮ್ಮಾ" ಎಂದಳು. ನಾನು ಡಾಕ್ಟರ ಹೆಂಡತಿ! ಚೀಟಿಯನ್ನು ಅವಳ ಕೈಯಿಂದ ಕಿತ್ತುಕೊಂಡೇ ಬಂದೆ. ಅವಳು ಓಡಿ ಬಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಳು. ಇವರು ಬರುವವರೆಗೂ ಕದಲಲಿಲ್ಲ, ಅಂಗಡಿ ತೆರೆದೇ ಬಿಟ್ಟು! ಇಬ್ಬರೂ ಪಿಸುಪಿಸು ಮಾತಾಡಿದರು. ಇವರ ಮುಖ ಬಿಳಿಚಿಕೊಂಡದ್ದನ್ನು ನಾನು ಮೆಟ್ಟಿಲ ಮೇಲಿನಿಂದ ನೋಡಿದೆ.

ಮೂರು ಗಂಟೆಗೆ ಇವರೇ ಔಷಧಿ ತಂದರು. ಎಷ್ಟು ಗೊತ್ತಾ? ಮೂರು ಮಾತ್ರೆ. ದಿನಕ್ಕೊಂದು, ಮೂರೇ ದಿನ.

"ರೀ, ಮಾವ ಬರೆದಿದ್ದು ಹದಿನೈದು. ಬಂದಿದ್ದು ಮೂರು. ಮಿಕ್ಕ ಹನ್ನೆರಡು ಎಲ್ಲಿ?"

"ಇದು ಬೇರೆ ಔಷಧಿ. ಇದೇ ಒಳ್ಳೇದು."

"ಮಾವ ಬರೆದಿದ್ದನ್ನ ಬದಲಾಯ್ಸೋಕೆ ನೀವ್ಯಾರು?"

"ನಿನ್ನ ಗಂಡ. ನುಂಗು ಈಗ."

"ಆ ಚೀಟಿ ಕೊಡು" ಎಂದು ಕೈ ಚಾಚಿದರು. ಹರಿದು ಒಲೆಗೆ ಹಾಕಿದೆ ಎಂದು ಸುಳ್ಳು ಹೇಳಿದೆ. ಮದುವೆಯಾದ ಮೇಲೆ ಇವರಿಗೆ ಹೇಳಿದ ಮೊದಲ ಸುಳ್ಳು. ಹೇಳಿದ ಮೇಲೆ ಅದು ಎಷ್ಟು ಸುಲಭ ಎಂದು ನನಗೇ ಭಯವಾಯಿತು. ಇವರು ನನಗೆ ಎಷ್ಟು ಹೇಳಿರಬಹುದು?

ಗಂಟಲು ವಾಸಿಯಾಗಿದೆ, ಮನಸ್ಸು ವಾಸಿಯಾಗಿಲ್ಲ. ಸೂಟ್‌ಕೇಸಿನಲ್ಲಿ ನಾಲ್ಕು ಜೊತೆ ಬಟ್ಟೆ ಇಟ್ಟಿದ್ದೇನೆ, ಮುಚ್ಚಳ ಮಾತ್ರ ಹಾಕಿಲ್ಲ. ನೀನು ಚೀಟಿ ಓದಿ, ಬಾ ಎಂದರೆ ಬರುತ್ತೇನೆ. ನಲವತ್ತು ದಿನದ ಬಗ್ಗೆ ನೀನು ಹೇಳಿದ್ದು ನಿಜ ಎಂದೂ ಒಪ್ಪಿಕೊಳ್ಳುತ್ತೇನೆ.

ಗುಬ್ಬಿ


೧೭ ಜುಲೈ

ಗುಬ್ಬಿ,

ಕೂತುಕೊಂಡು ಓದು.

ನಿನ್ನ ಮಾವನಂಥ ಅಕ್ಷರವನ್ನು ಹತ್ತು ವರ್ಷ ಓದಿದ್ದೇನೆ. ಚೀಟಿಯಲ್ಲಿ ಇರುವುದು ಅಮಾಕ್ಸಿಸಿಲಿನ್. ಅದು ಪೆನಿಸಿಲಿನ್ ಜಾತಿಯದೇ. ನಿನಗೆ ಆರು ವರ್ಷವಿದ್ದಾಗ ಅದೇ ಜಾತಿಯ ಸಿರಪ್ ಕುಡಿಸಿ, ಅರ್ಧ ಗಂಟೆಯಲ್ಲಿ ನಿನ್ನ ತುಟಿ ನೀಲಿಯಾಗಿ, ಅಮ್ಮ ನಿನ್ನನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿದ್ದಳು. ಅವಳ ಹಿಂದೆ ಅವಳ ಚಪ್ಪಲಿ ಹಿಡಿದುಕೊಂಡು ಓಡಿದವಳು ನಾನು. ಹದಿನೈದರಲ್ಲಿ ಒಂದೇ ಒಂದು ಮಾತ್ರೆ ನುಂಗಿದ್ದರೂ ಸಾಕಿತ್ತು.

ನಿನಗೆ ಅದು ಆಗದೆಂದು ನಿನ್ನ ಗಂಡ ಮೊದಲೇ ಹೇಳಿಟ್ಟಿರಬೇಕು, ಅಂಗಡಿಯವಳು ಅಂಗಡಿ ತೆರೆದೇ ಬಿಟ್ಟು ಓಡಿ ಬಂದದ್ದು ಅದಕ್ಕೆ. ನಿನ್ನ ಗಂಡನ ಮುಖ ಬಿಳಿಚಿದ್ದೂ ಅದಕ್ಕೆ. ಮೂರು ಮಾತ್ರೆ ಬೇರೆ ಔಷಧಿಯದು, ನಿನಗೆ ಆಗುವಂಥದ್ದು.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳಬೇಕು. ಈ ಯೋಜನೆಯ ಪ್ರೋತ್ಸಾಹಧನದ ಅರ್ಜಿಗಳನ್ನು ಪರಿಶೀಲಿಸುವುದೇ ನನ್ನ ಹೊಸ ವಿಭಾಗ. ನಿನ್ನ ಮಾವನ ಎಲ್ಲ ಇ-ಚೀಟಿಗಳೂ ಒಂದರಿಂದ ಮೂರರ ನಡುವೆ ಮಾತ್ರ ಹೋಗಿವೆ ಎಂದು ಕಂಪ್ಯೂಟರ್ ಗುರುತು ಹಾಕಿತ್ತು. ಜೂನ್ ಮೊದಲ ವಾರ ಆ ಫೈಲು ನನ್ನ ಮೇಜಿಗೆ ಬಂತು. ವಿಳಾಸ ನೋಡಿದ ದಿನವೇ ‘ಇವರು ನನ್ನ ಸಂಬಂಧಿಕರು, ನನಗೆ ಬೇಡ’ ಎಂದು ಬರೆದು ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ನನ್ನ ತಂಗಿ ಎಂಥವನ ಕೈ ಹಿಡಿದಿದ್ದಾಳೆ ಎಂದು ಮೊದಲು ತಿಳಿಯಬೇಕಿತ್ತು. ನಾನು ಕೇಳಿದ ಪ್ರತಿ ಪ್ರಶ್ನೆಯೂ ಆ ಫೈಲಿನಿಂದ ಬಂದದ್ದು. ನಿನ್ನ ಕಾಗದಗಳನ್ನು ಒಂದು ಕೈಯಲ್ಲಿ, ಫೈಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದಿದೆ.

ಮುಚ್ಚಳ ಹಾಕದ ಆ ಸೂಟ್‌ಕೇಸಿನಿಂದ ಬಟ್ಟೆ ತೆಗೆದಿಡು. ಗಂಡನನ್ನು ಕೇಳು, ಈ ಸಲ ಧೈರ್ಯವಾಗಿ ಕೇಳು. ಚೀಟಿ ವಾಪಸ್ ಕಳಿಸಿದ್ದೇನೆ. ಅದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಅಕ್ಕ


೨ ಆಗಸ್ಟ್

ಗುಬ್ಬಿ,

ಹದಿನಾರು ದಿನವಾಯಿತು. ಅಂಚೆಯವನು ಬರುವ ಹೊತ್ತಿಗೆ ಅಮ್ಮ ಬಾಗಿಲಲ್ಲಿ ನಿಲ್ಲುತ್ತಾಳೆ, ನಾನು ನಿಲ್ಲದವಳಂತೆ ನಿಲ್ಲುತ್ತೇನೆ.

ಫೈಲನ್ನು ವಾಪಸ್ ಕೊಟ್ಟೆ. ತಡವಾಗಿ ಯಾಕೆ ಎಂದು ಮೇಲಿನವರು ಬರಹದಲ್ಲಿ ಕೇಳಿದ್ದಾರೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ನಿನ್ನ ಕಾಗದಗಳನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಬೈದಾದರೂ ಬರೆ.

ಅಕ್ಕ


೨೧ ಆಗಸ್ಟ್

ಅಕ್ಕಾ,

ಬೈದು ಬರೆದ ಕಾಗದ ಮೂರು ಇವೆ. ಕಳಿಸಲಿಲ್ಲ.

ನಿನ್ನ ಕಾಗದ ಬಂದ ದಿನವೇ ಒಂದು ಗಂಟೆಗೆ ಒಳಕೋಣೆಯ ಬಾಗಿಲು ತಟ್ಟಿ ಚೀಟಿಯನ್ನು ಇವರ ಮುಂದೆ ಇಟ್ಟೆ. ಇವರು ಪಕ್ಕದ ಕುರ್ಚಿ ಎಳೆದು ಕೂರಿಸಿ ಎಲ್ಲ ಹೇಳಿದರು. ಒಂದೂವರೆ ವರ್ಷದಿಂದ ಮಾವನಿಗೆ ಮರೆವು. ರೋಗ ಕಂಡುಹಿಡಿಯುವುದರಲ್ಲಿ ಇವತ್ತಿಗೂ ತಪ್ಪುವುದಿಲ್ಲವಂತೆ, ಮುಖ ನೋಡಿಯೇ ಹೇಳುತ್ತಾರೆ. ತಪ್ಪುವುದು ಬರೆಯುವಾಗ. ಈ ರೋಗಿಗೆ ಯಾವುದು ಆಗದು, ಆಗಲೇ ಯಾವುದು ನಡೆಯುತ್ತಿದೆ ಎಂಬುದು ಜಾರಿಹೋಗುತ್ತದೆ.

"ಅಪ್ಪನಿಗೆ ಸಾಕು ಮಾಡಿ ಅನ್ನೋಕೆ ಹೋದೆ. ಮೂರು ಸಲ ಹೋದೆ. ಮೂರು ಸಲಾನೂ ಕಾಫಿ ಕುಡಿದು ಬಂದೆ," ಎಂದರು.

ಆಗ ಈ ಯೋಜನೆ ಬಂತು. ಇವರಿಗೆ ನೆಪ ಬೇಕಿತ್ತು, ಸರ್ಕಾರವೇ ನೆಪ ಕೊಟ್ಟಿತು. ಲೆಕ್ಕ ತುಂಬಬೇಕು ಎಂದು ಹೇಳಿ, ಅಂಗಡಿಯಮ್ಮ ಕಳಿಸುವ ಫೋಟೋ ನೋಡಿ ಮಾವನ ಪ್ರತಿ ಚೀಟಿಯನ್ನೂ ಕೂತು ಓದುತ್ತಿದ್ದರು. ತಪ್ಪಿದ್ದರೆ ತಿದ್ದಿ ಕಳಿಸುತ್ತಿದ್ದರು. ಅಂಗಡಿಯಮ್ಮ ಒಬ್ಬಳಿಗೇ ಗೊತ್ತಿದ್ದದ್ದು. ಸ್ಕ್ರೀನಿಗೆ ಬರುವವರೆಗೆ ಒಂದು ಮಾತ್ರೆಯನ್ನೂ ಕೊಡಕೂಡದು ಎಂದು ಇವರು ಅವಳಿಂದ ಮಾತು ತೆಗೆದುಕೊಂಡಿದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿ ತಿದ್ದಬೇಕಾಗಿ ಬಂದ ಚೀಟಿಗಳನ್ನು ಬೇರೆಯಾಗಿ ಕಟ್ಟಿಟ್ಟಿದ್ದರು. ಹನ್ನೊಂದಿದ್ದವು, ನನ್ನದು ಹನ್ನೆರಡನೆಯದು.

"ನನಗ್ಯಾಕೆ ಹೇಳಲಿಲ್ಲ?"

"ನಿನ್ನ ಹೊಟ್ಟೇಲಿ ಮಾತು ನಿಲ್ಲುತ್ತಾ?" ಎಂದರು. ಎಲ್ಲವನ್ನೂ ಇಲಾಖೆಗೆ ಅಂಚೆಯಲ್ಲಿ ಕಳಿಸಿದವಳು ನಾನು!

ನಾನು ಹೇಳಿದೆ, ಇದು ಹೀಗೆ ನಡೆಯಬಾರದು ಎಂದು. ಇವರಿಗೆ ಜ್ವರ ಬಂದ ದಿನ ಏನು ಗತಿ? ಅಂಗಡಿಯಮ್ಮ ರಜೆ ಹಾಕಿದ ದಿನ? ಯಾರೋ ಅಜ್ಜಿ ಕಾಯಲಾರದೆ ಚೀಟಿ ಹಿಡಿದು ಬೇರೆ ಬೀದಿಗೆ ಹೋದ ದಿನ? ಹೇಳಲು ಮಗನಿಗೆ ಆಗಲಿಲ್ಲ. ಹಾಗಾಗಿ ಸೊಸೆ ಹೋದೆ. ಹೋಗಲು ನನಗೂ ಎರಡು ವಾರ ಹಿಡಿಯಿತು. ನಾನೂ ಬರೀ ಕಾಫಿ ಕುಡಿದು ವಾಪಸ್ ಬಂದ ದಿನಗಳು ಇವೆ.

ಕೊನೆಗೊಂದು ಬೆಳಗ್ಗೆ ಚೀಟಿಯನ್ನು ಮಾವನ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

"ನನ್ನ ಅಕ್ಷರಾನೇ," ಎಂದರು. ಜೇಬಿನಿಂದ ಡೈರಿ ತೆಗೆದರು. ಸೊಸೆ, ಪೆನಿಸಿಲಿನ್ ಆಗದು. ಕೆಂಪು ಪೆನ್ಸಿಲಿನಲ್ಲಿ ಬರೆದದ್ದು ಒಂದು ಕಡೆಯಲ್ಲ, ನಾಲ್ಕು ಪುಟದಲ್ಲಿ ನಾಲ್ಕು ಸಲ. ಅದನ್ನು ನನ್ನ ಕಡೆ ತಿರುಗಿಸಿದರು. "ನೋಡು. ನಾಲ್ಕು ಸಲ ಬರ್ಕೊಂಡೋನು ಮರೀತೀನಾ? ಬೇಕಂತಲೇ ಬರೆದೆ. ಮೂರು ಗಂಟೆವರೆಗೂ ಬೆಂಚ್ ಮೇಲೆ ಜನ ಕೂತಿರೋದು ನನಗೇನು ಕಾಣಲ್ವಾ? ಒಳಗೆ ಕೂತು ನನ್ನ ಚೀಟಿ ತಿದ್ದುತಾನೆ ಅಂತ ಅನುಮಾನ ಇತ್ತು. ಹಿಡೀತಾನೋ ಇಲ್ವೋ ಪರೀಕ್ಷೆ ಮಾಡಿದೆ."

ಅಕ್ಕಾ, ಅದು ನಿಜವೋ ಮಾನ ಉಳಿಸಿಕೊಳ್ಳುವ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೊಸೆಯ ಪ್ರಾಣ ಇಟ್ಟು ಪರೀಕ್ಷೆ ಮಾಡುವ ಮನುಷ್ಯ ಅವರಲ್ಲ. ನನಗೆ ತೋರಿಸಿದ ಮೇಲೆ ಡೈರಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಆ ನಾಲ್ಕು ಪುಟಗಳನ್ನೂ ಮೊದಲ ಸಲ ನೋಡುವವರಂತೆ ಓದಿಕೊಂಡರು.

"ಪರೀಕ್ಷೇಲಿ ಇವರು ಪಾಸಾದ್ರು ಮಾವ," ಎಂದೆ.

ಅವರು ಕಿಟಕಿಯಾಚೆ ಆ ಬೆಂಚನ್ನೇ ನೋಡುತ್ತ ಕೂತರು. ಆಮೇಲೆ ಕೇಳಿದರು, "ಹಾಗಾದ್ರೆ ಫೇಲಾದೋರು ಯಾರಮ್ಮಾ?"



ಕೇಳಿದವರೇ ಕೆಂಪು ಪೆನ್ಸಿಲ್ ತೆಗೆದುಕೊಂಡು ನನ್ನ ಚೀಟಿಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ನಂತರ ತಮ್ಮ ಹೆಸರು ಅಚ್ಚಾಗಿದ್ದ ಪ್ಯಾಡನ್ನು ಹತ್ತಿರ ಎಳೆದುಕೊಂಡು, ಮೊದಲ ಖಾಲಿ ಹಾಳೆಯ ಮೇಲೆ ಒಂದು ಗೆರೆ, ಎರಡನೆಯದರ ಮೇಲೆ ಒಂದು, ಮೂರನೆಯದರ ಮೇಲೆ ಒಂದು. ಒಂದನ್ನೂ ಬಿಡಲಿಲ್ಲ. ನಡುವೆ ಎರಡು ಸಲ ಪೆನ್ಸಿಲ್ ಮೊಂಡಾಯಿತು, ಎರಡು ಸಲವೂ ನಾನೇ ಚೂಪು ಮಾಡಿಕೊಟ್ಟೆ. ಕೊನೆಯ ಹಾಳೆ ಮುಗಿದ ಮೇಲೆ ಪ್ಯಾಡನ್ನು ನನ್ನ ಕೈಗಿಟ್ಟು, "ಇನ್ನು ಇದು ಬರೀ ಕಾಗದ. ತರಕಾರಿ ಪಟ್ಟಿ ಬರ್ಕೋ," ಎಂದರು.

ಈ ಕಾಗದವನ್ನು ಅದರ ಬೆನ್ನಿನ ಮೇಲೆಯೇ ಬರೆಯುತ್ತಿದ್ದೇನೆ. ತಿರುಗಿಸಿ ನೋಡು, ಕೆಂಪು ಗೆರೆ ಕಾಣುತ್ತದೆ.

ಪ್ರೋತ್ಸಾಹಧನದ ಅರ್ಜಿಯನ್ನು ಇವರೇ ನಡೆದದ್ದನ್ನೆಲ್ಲ ಬರೆದು ವಾಪಸ್ ಪಡೆದರು. ಇಲಾಖೆ ಏನು ಮಾಡುತ್ತದೋ ಮಾಡಲಿ. ಮಾವ ಮೂರು ದಿನ ಮೇಲಿನಿಂದ ಇಳಿಯಲಿಲ್ಲ. ನಾಲ್ಕನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಇಳಿದು ಬಂದು, ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಮಗನ ಮೇಜಿನ ಪಕ್ಕ ಹಾಕಿ ಕೂತರು.

"ಏನಪ್ಪಾ?" ಎಂದರು ಇವರು.

"ನೀನು ಹಲಗೆ ನೋಡ್ಕೊಂಡು ಒತ್ತು. ಮುಖ ನಾನು ನೋಡ್ತೀನಿ."

ಈಗ ಹಾಗೇ ನಡೆಯುತ್ತಿದೆ. ಅಂಗಡಿಯ ಮುಂದಿನ ಬೆಂಚು ಒಂದು ಗಂಟೆಗೆಲ್ಲ ಖಾಲಿ. ಇವರು ಮೇಲೆ ಬಂದು ನನ್ನ ಜೊತೆ ಬಿಸಿ ಊಟ ಮಾಡುತ್ತಾರೆ. ತಟ್ಟೆಯಿಂದ ಮೆಣಸಿನಕಾಯಿ ಆರಿಸುವಾಗ ನಾನು ಯಾಕೆ ಎಂದು ಕೇಳುವುದಿಲ್ಲ.

ನಿನ್ನನ್ನೂ ಕ್ಷಮಿಸುತ್ತೇನೆ, ಸ್ವಲ್ಪ ದಿನ ಕೊಡು. ನೀನು ಫೈಲು ಹಿಡಿದು ಓದಿದ್ದಕ್ಕೇ ನಾನು ಆ ಚೀಟಿಯನ್ನು ನಿನಗೆ ಕಳಿಸಿದೆ ಎಂದು ನನಗೆ ಗೊತ್ತು. ಆದರೂ ಇನ್ನು ಮೇಲೆ ನನ್ನನ್ನು ಏನಾದರೂ ಕೇಳುವಾಗ, ಕೇಳುತ್ತಿರುವುದು ಅಕ್ಕನೋ ಇಲಾಖೆಯೋ ಎಂದು ಕಾಗದದ ಮೇಲ್ಗಡೆ ಬರೆದುಬಿಡು. ಇಬ್ಬರಿಗೂ ಉತ್ತರ ಕೊಡುತ್ತೇನೆ. ಮುತ್ತು ಮಾತ್ರ ಒಬ್ಬಳಿಗೇ.

ಗುಬ್ಬಿ